ಸಲೈನ್ ವ್ಯಾಲಿಯ ಬಿಸಿನೀರಿನ ಬುಗ್ಗೆಗಳ ಪಕ್ಕ ಟೆಂಟ್ ಹಾಕುವುದು: ಹೊರಡುವುದರಿಂದ ವಾಪಸ್ ಬರುವವರೆಗೆ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಲ್ಲಿ ಡೆತ್ ವ್ಯಾಲಿ ಎಂಬ ಮರುಭೂಮಿಯ ಪಾರ್ಕು ನೋಡಿದವರು ಬಹಳ ಜನ. ಝಬ್ರಿಸ್ಕಿ ಪಾಯಿಂಟ್‌ನಲ್ಲಿ ಸೂರ್ಯೋದಯ, ಬ್ಯಾಡ್‌ವಾಟರ್‌ನಲ್ಲಿ ಉಪ್ಪಿನ ಮೇಲೆ ನಿಂತು ಫೋಟೋ, ಸಂಜೆಗೆ ಲಾಸ್ ವೇಗಸ್. ಅದೇ ಪಾರ್ಕಿನ ಪಶ್ಚಿಮದ ಮೂಲೆಯಲ್ಲಿ ಡಾಂಬರನ್ನೇ ಕಾಣದ ಒಂದು ಕಣಿವೆ ಇದೆ. ಹೆಸರು ಸಲೈನ್ ವ್ಯಾಲಿ. ಅಲ್ಲಿ ನೆಲದಿಂದ ತಾನಾಗಿ ಬಿಸಿನೀರು ಬರುತ್ತದೆ. ಅದರ ಪಕ್ಕದಲ್ಲೇ ಟೆಂಟ್ ಹಾಕಿಕೊಂಡು ಇರಬಹುದು.

ನಮ್ಮ ಕಡೆ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರುತೀರ್ಥ ಇದೆ, ನೆನಪಿರಬಹುದು. ಬೆಚ್ಚಗಿನ ನೀರಿನ ಸಣ್ಣ ಕೊಳ. ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಇಲ್ಲಿ ಹಾಗಲ್ಲ. ಫೋನ್ ಸಿಗ್ನಲ್ ಇಲ್ಲ, ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ. ಮಣ್ಣುರಸ್ತೆಯಲ್ಲಿ ಸುಮಾರು 40 ಮೈಲಿ ಹೋದ ಮೇಲೆ ಆ ಬುಗ್ಗೆ ಸಿಗುತ್ತದೆ. ಹಾಗಾಗಿ ಈ ಬರಹದಲ್ಲಿ ಅರ್ಧ ಭಾಗ ಬುಗ್ಗೆಯ ಬಗ್ಗೆ ಅಲ್ಲ, ರಸ್ತೆ ಮತ್ತು ಟೈರಿನ ಬಗ್ಗೆ. ಯಾರ ಸಹಾಯವೂ ಇಲ್ಲದೆ ವಾಪಸ್ ಬರಬಲ್ಲೆ ಎನ್ನುವಷ್ಟು ತಯಾರಾಗಿದ್ದರೆ ಮಾತ್ರ ಹೊರಡಿ.

ಮೊದಲು ಜಾಗವನ್ನು ಅರ್ಥ ಮಾಡಿಕೊಳ್ಳಿ

ಕಣಿವೆಯ ಪಶ್ಚಿಮಕ್ಕೆ ಇನ್ಯೋ ಬೆಟ್ಟಸಾಲು ಗೋಡೆಯ ಹಾಗೆ ಎದ್ದು ನಿಂತಿದೆ. ಅದರ ತುದಿ 11,000 ಅಡಿ ದಾಟುತ್ತದೆ. ಕಣಿವೆಯ ತಳ ಸಾವಿರ ಅಡಿ ಚಿಲ್ಲರೆ ಅಷ್ಟೆ. ನಡುವೆ ಬಿಳಿ ಉಪ್ಪಿನ ಬಯಲು. 1911ರಿಂದ 1913ರವರೆಗೆ ಕಷ್ಟಪಟ್ಟು ಇಲ್ಲಿನ ಉಪ್ಪು ಸಾಗಿಸಲು ಒಂದು ರೋಪ್‌ವೇ ಕಟ್ಟಿದರು. 13 ಮೈಲಿಗೂ ಜಾಸ್ತಿ ಉದ್ದ. ಇಷ್ಟು ಎತ್ತರದ ಬೆಟ್ಟ ಹತ್ತಿಸಿ ಆ ಕಡೆಯ ಓವೆನ್ಸ್ ವ್ಯಾಲಿಗೆ ಉಪ್ಪು ಇಳಿಸುತ್ತಿದ್ದರು. ಅದರ ಮರದ ಗೋಪುರಗಳು ಇವತ್ತಿಗೂ ಅಲ್ಲಲ್ಲಿ ನಿಂತಿವೆ. ಅದಕ್ಕೂ ಬಹಳ ಮೊದಲಿನಿಂದ ಇದು ಟಿಂಬಿಶಾ ಶೋಶೋನಿ ಜನರ ನೆಲ. 1994ರಲ್ಲಿ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾದಾಗ ಈ ಕಣಿವೆಯೂ ಅದರೊಳಗೆ ಸೇರಿತು.

ನೀರು ಯಾಕೆ ಬಿಸಿ? ಇಲ್ಲಿ ಜ್ವಾಲಾಮುಖಿ ಏನೂ ಉರಿಯುತ್ತಿಲ್ಲ. ಈ ಭಾಗದ ಭೂಮಿಯ ಹೊರಪದರ ಎಳೆದು ಎಳೆದು ತೆಳುವಾಗಿದೆ, ಆಳವಾಗಿ ಬಿರುಕು ಬಿಟ್ಟಿದೆ. ಮಳೆ ಮತ್ತು ಹಿಮದ ನೀರು ಆ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಕಾದು, ಮತ್ತೆ ಮೇಲೆ ಬರುತ್ತದೆ. ಬರುವಾಗ ಸುಣ್ಣ ಕರಗಿಸಿಕೊಂಡು ಬರುತ್ತದೆ. ಬುಗ್ಗೆಗಳ ಸುತ್ತ ಕಾಣುವ ಬೆಳ್ಳನೆಯ ದಿಬ್ಬಗಳು ಆ ಸುಣ್ಣ ಕೂತು ಕೂತು ಆದವು.

ಬುಗ್ಗೆಗಳ ಗುಂಪು ಮೂರು. ಮೊದಲು ಸಿಗುವುದು ಲೋವರ್ ವಾರ್ಮ್ ಸ್ಪ್ರಿಂಗ್ಸ್. ಮರಗಳ ನೆರಳು ಇರುವುದು ಇಲ್ಲೇ, ಜನ ಜಾಸ್ತಿ ಸೇರುವುದೂ ಇಲ್ಲೇ. ಸ್ವಲ್ಪ ಮುಂದೆ ಪಾಮ್ ಸ್ಪ್ರಿಂಗ್. ಬಯಲಿನ ನಡುವೆ, ಆಕಾಶ ಪೂರ್ತಿ ಬಿಚ್ಚಿಕೊಂಡ ಜಾಗ. ಇನ್ನೂ ಮೇಲೆ ಅಪ್ಪರ್ ವಾರ್ಮ್ ಸ್ಪ್ರಿಂಗ್. ಅದಕ್ಕೆ ಬೇಲಿ ಹಾಕಿ ಇದ್ದ ಹಾಗೇ ಬಿಟ್ಟಿದ್ದಾರೆ. ಅದು ಸ್ನಾನಕ್ಕಲ್ಲ, ನೋಡುವುದಕ್ಕೆ. ಕೆಳಗಿನ ಎರಡು ಕಡೆ ಸಿಮೆಂಟು, ಕಲ್ಲು ಜೋಡಿಸಿ ಕಟ್ಟಿದ ಕೊಳಗಳಿವೆ. ದಶಕಗಳಿಂದ ಬಂದುಹೋದವರೇ ಕಟ್ಟಿ, ಅವರೇ ತೊಳೆದು ಉಳಿಸಿಕೊಂಡಿದ್ದಾರೆ.

ಯಾವಾಗ ಹೋಗಬೇಕು

ನವೆಂಬರಿನಿಂದ ಮಾರ್ಚ್. ಅಕ್ಟೋಬರ್ ಕೊನೆ, ಏಪ್ರಿಲ್ ಮೊದಲೂ ನಡೆಯುತ್ತದೆ. ಬೇಸಿಗೆಯಲ್ಲಿ ಬೇಡವೇ ಬೇಡ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಫರ್ನೆಸ್ ಕ್ರೀಕ್ ಇದೇ ಪಾರ್ಕಿನಲ್ಲಿದೆ. ಅಂಥ ಬಿಸಿಲಲ್ಲಿ ಗಾಡಿ ಕೆಟ್ಟು ನಿಂತರೆ ಪ್ರಾಣಕ್ಕೆ ಸಂಚಕಾರ.

ಚಳಿಗಾಲದಲ್ಲಿ ಬೇರೆ ತೊಂದರೆ. ಉತ್ತರದ ಘಾಟಿ, ಅಂದರೆ ನಾರ್ತ್ ಪಾಸ್, 7,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿ ಹಿಮ ಬೀಳುತ್ತದೆ. ಕೆಳಗೆ ಬಿಸಿಲು ಇದ್ದರೂ ಮೇಲೆ ರಸ್ತೆ ಮುಚ್ಚಿರಬಹುದು. ಥ್ಯಾಂಕ್ಸ್‌ಗಿವಿಂಗ್, ಹೊಸ ವರ್ಷ, ಪ್ರೆಸಿಡೆಂಟ್ಸ್ ಡೇ ತರಹದ ಉದ್ದ ರಜೆಗಳಲ್ಲಿ ಜನ ತುಂಬುತ್ತಾರೆ. ವಾರದ ಮಧ್ಯೆ ಎರಡು ದಿನ ರಜೆ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಹೊರಡುವ ವಾರ ಪಾರ್ಕಿನ ರಸ್ತೆ ಸ್ಥಿತಿಯ ಪುಟ ನೋಡಿ. ಹೊರಡುವ ಬೆಳಿಗ್ಗೆ ಇನ್ನೊಮ್ಮೆ ನೋಡಿ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಫರ್ನೆಸ್ ಕ್ರೀಕ್‌ನಲ್ಲಿ ಒಂದೇ ದಿನಕ್ಕೆ 2.2 ಇಂಚು ಸುರಿಯಿತು. ಅಲ್ಲಿ ವರ್ಷವಿಡೀ ಬೀಳುವುದೇ ಹೆಚ್ಚುಕಡಿಮೆ ಅಷ್ಟು. ರಸ್ತೆಗಳು ಕೊಚ್ಚಿಹೋಗಿ ಪಾರ್ಕು ಸುಮಾರು ಎರಡು ತಿಂಗಳು ಮುಚ್ಚಿತ್ತು. ಹೋದ ವರ್ಷ ಹೋಗಿ ಬಂದವರು ಹೇಳಿದ ದಾರಿ ಈ ವರ್ಷ ಇರಲೇಬೇಕೆಂದಿಲ್ಲ.

ಗಾಡಿ ಮತ್ತು ಟೈರು

ನೆಲದಿಂದ ಎತ್ತರ ಇರುವ ಗಾಡಿ ಬೇಕು. ರಸ್ತೆ ಒಣಗಿದ್ದು ಚೆನ್ನಾಗಿದ್ದಾಗ ಫೋರ್ ವ್ಹೀಲ್ ಡ್ರೈವ್ ಇಲ್ಲದೆಯೂ ಹೋದವರಿದ್ದಾರೆ. ಆದರೂ ಇದ್ದರೆ ಧೈರ್ಯ. ಬಾಡಿಗೆ ಗಾಡಿಯಾದರೆ ಕರಾರಿನ ಸಣ್ಣಕ್ಷರ ಓದಿ. ಬಹುತೇಕ ಕಂಪನಿಗಳು ಮಣ್ಣುರಸ್ತೆಗೆ ಒಪ್ಪುವುದಿಲ್ಲ. ಅಲ್ಲಿ ಏನಾದರೂ ಆದರೆ ವಿಮೆ ನಿಲ್ಲುವುದಿಲ್ಲ.

ನನ್ನ ಮೊದಲ ಪ್ರಯಾಣದಲ್ಲಿ ಆಗಿದ್ದನ್ನು ಹೇಳುತ್ತೇನೆ. ನಾರ್ತ್ ಪಾಸ್ ಇಳಿದು ಬರುತ್ತಿದ್ದೆವು. ಮಧ್ಯಾಹ್ನ ಮೂರೂವರೆ. ಒಂದು ಚೂಪು ಕಲ್ಲು ಹಿಂದಿನ ಎಡ ಟೈರಿನ ಪಕ್ಕವನ್ನು ಕೊಯ್ದುಬಿಟ್ಟಿತು. ಬೆರಳು ತೂರುವಷ್ಟು ಸೀಳು. ಪಂಕ್ಚರ್ ಕಿಟ್ ಇತ್ತು, ಆದರೆ ಪಕ್ಕ ಸೀಳಿದರೆ ಆ ಕಿಟ್ ಕೆಲಸಕ್ಕೆ ಬರುವುದಿಲ್ಲ. ಸ್ಟೆಪ್ನಿ ಹಾಕೋಣ ಎಂದು ಜಾಕ್ ಏರಿಸಲು ಹೋದರೆ ಗಾಡಿ ಮೇಲೇಳುತ್ತಿಲ್ಲ, ಜಾಕ್ ಕೆಳಗೆ ಹೂತುಹೋಗುತ್ತಿದೆ. ಸಡಿಲ ಜಲ್ಲಿ, ಅದರ ಕೆಳಗೆ ಪುಡಿ ಮಣ್ಣು. ಎರಡು ಸಲ ಅಗೆದು ಇಟ್ಟೆವು, ಎರಡು ಸಲವೂ ಅದೇ ಕಥೆ. ಕೊನೆಗೆ ನನ್ನ ಹೆಂಡತಿ ಅಡುಗೆ ಡಬ್ಬದಿಂದ ಚಪಾತಿ ಮಣೆ ತೆಗೆದು ಕೊಟ್ಟಳು. ಅದನ್ನು ಜಾಕಿನ ಕೆಳಗೆ ಇಟ್ಟೆವು. ಮಣೆ ಸೀಳಿತು, ಗಾಡಿ ಎದ್ದಿತು. ಸ್ಟೆಪ್ನಿಯೂ ಆ ತೆಳ್ಳಗಿನ, ಡಾಂಬರಿಗೆ ಮಾತ್ರ ಆಗುವ ಥರದ್ದು. ಅದರಲ್ಲಿ ಮುಂದೆ ಹೋಗುವ ಧೈರ್ಯ ಆಗಲಿಲ್ಲ. ಮೆಲ್ಲಗೆ, ಜನ ನಡೆಯುವ ವೇಗದಲ್ಲಿ ಹೆದ್ದಾರಿಯ ಮೇಲಿನ ಬಿಗ್ ಪೈನ್ ಊರಿಗೆ ವಾಪಸ್ ಬಂದೆವು. ಆ ಸಲ ಬುಗ್ಗೆ ನೋಡಲೇ ಇಲ್ಲ.

ಅವತ್ತಿನಿಂದ ಗಾಡಿಯಲ್ಲಿ ಇವು ಇಲ್ಲದೆ ಹೊರಡುವುದಿಲ್ಲ:

- ಪೂರ್ತಿ ಅಳತೆಯ ಸ್ಟೆಪ್ನಿ. ಸಾಧ್ಯವಾದರೆ ಎರಡು.
- ಜಾಕ್, ನಟ್ಟು ಬಿಚ್ಚುವ ಸ್ಪ್ಯಾನರ್, ಜಾಕಿನ ಕೆಳಗೆ ಇಡಲು ಒಂದಡಿ ಚದರದ ದಪ್ಪ ಪ್ಲೈವುಡ್.
- ಪಂಕ್ಚರ್ ಕಿಟ್, ಗಾಡಿಯ ಬ್ಯಾಟರಿಯಿಂದ ಓಡುವ ಗಾಳಿ ಪಂಪು, ಗಾಳಿ ಅಳೆಯುವ ಗೇಜು.
- ಸಲಿಕೆ, ಎಳೆಯುವ ಹಗ್ಗ, ಜಂಪರ್ ಕೇಬಲ್.

ಮನೆಯ ಮುಂದೆ ಒಂದು ಭಾನುವಾರ ಸ್ಟೆಪ್ನಿ ಬದಲಿಸಿ ನೋಡಿ. ನಿಜವಾಗಿ ಬಿಚ್ಚಿ, ಹಾಕಿ. ಅಂಗಡಿಯವರು ಮಷೀನಿನಲ್ಲಿ ಬಿಗಿದ ನಟ್ಟು ಕೈಗೆ ಬರದೆ ಇರಬಹುದು. ಅದು ಗೊತ್ತಾಗಬೇಕಾದದ್ದು ಮನೆಯಲ್ಲಿ.

ಇಂಥ ಜಾಗದಿಂದ ಗಾಡಿ ಎಳೆಸಿಕೊಂಡು ಬರಲು ಸಾವಿರಾರು ಡಾಲರ್ ಆಗುತ್ತದೆ. ಗಾಡಿ ಕೆಟ್ಟಾಗ ಸಹಾಯ ಕಳಿಸುವ ಸಾಮಾನ್ಯ ರೋಡ್‌ಸೈಡ್ ಸದಸ್ಯತ್ವಗಳು ಮಣ್ಣುರಸ್ತೆಗೆ ಬರುವುದಿಲ್ಲ. ಇದನ್ನು ಮೊದಲೇ ಕೇಳಿಕೊಳ್ಳಿ.

ದಾರಿ

ಬೇ ಏರಿಯಾದವರು ಚಳಿಗಾಲದಲ್ಲಿ ಯೊಸೆಮಿಟಿಯ ಟಯೋಗಾ ಪಾಸ್ ಮೂಲಕ ಹೋಗೋಣ ಅಂದುಕೊಳ್ಳಬೇಡಿ. ಅದು ಹಿಮಕ್ಕೆ ಮುಚ್ಚಿರುತ್ತದೆ. ಬೇಕರ್ಸ್‌ಫೀಲ್ಡ್, ಟೆಹಾಚಪಿ ಸುತ್ತಿ 395ನೇ ಹೆದ್ದಾರಿ ಹಿಡಿಯಬೇಕು. ಲಾಸ್ ಏಂಜಲೀಸ್ ಕಡೆಯವರಿಗೆ 14, ಆಮೇಲೆ 395. ಮೊದಲ ದಿನ ಲೋನ್ ಪೈನ್ ಅಥವಾ ಬಿಗ್ ಪೈನ್‌ನಲ್ಲಿ ತಂಗಿ, ಬೆಳಿಗ್ಗೆ ಕಣಿವೆಗೆ ಇಳಿಯಿರಿ. ಒಂದೇ ದಿನದಲ್ಲಿ ಮುಗಿಸಲು ಹೋದರೆ ಕತ್ತಲಲ್ಲಿ ಮಣ್ಣುರಸ್ತೆ ಸಿಗುತ್ತದೆ. ಕತ್ತಲಲ್ಲಿ ಕಲ್ಲು ಕಾಣುವುದಿಲ್ಲ.

ಬಿಗ್ ಪೈನ್‌ನಲ್ಲಿ ಟ್ಯಾಂಕ್ ತುಂಬಿಸಿ. ಕಾಲು ಭಾಗ ಖಾಲಿ ಇದ್ದರೂ ತುಂಬಿಸಿ. ಅಲ್ಲಿಂದ 168ನೇ ರಸ್ತೆಯಲ್ಲಿ ಪೂರ್ವಕ್ಕೆ ಹೋಗಿ ಡೆತ್ ವ್ಯಾಲಿ ರೋಡ್ ಹಿಡಿದರೆ, ಬಿಗ್ ಪೈನ್‌ನಿಂದ ಸುಮಾರು 15 ಮೈಲಿಗೆ ಬಲಗಡೆ ಸಲೈನ್ ವ್ಯಾಲಿ ರೋಡ್ ಸಿಗುತ್ತದೆ. ಡಾಂಬರು ಮುಗಿದ ಕಡೆ ಗಾಡಿ ನಿಲ್ಲಿಸಿ ಟೈರಿನ ಗಾಳಿ ಇಳಿಸಿ. 35 ಪಿಎಸ್‌ಐ ಇದ್ದರೆ 25ರ ಹತ್ತಿರಕ್ಕೆ ತನ್ನಿ. ಗಾಳಿ ಸ್ವಲ್ಪ ಕಡಿಮೆ ಇದ್ದ ಟೈರು ಕಲ್ಲಿನ ಮೇಲೆ ಮೆತ್ತಗೆ ಹೊರಳುತ್ತದೆ, ಗಾಳಿ ಬಿಗಿಯಾಗಿ ತುಂಬಿದ ಟೈರು ಕಲ್ಲಿಗೆ ಹೊಡೆಸಿಕೊಳ್ಳುತ್ತದೆ. ಎಷ್ಟು ಇಳಿಸಬಹುದು ಎನ್ನುವುದು ಗಾಡಿಯ ತೂಕದ ಮೇಲೂ ಇದೆ, ಟೈರಿನವರನ್ನು ಕೇಳಿ.

ಘಾಟಿ ದಾಟಿದ ಮೇಲೆ ರಸ್ತೆ ತಗಡಿನ ಶೀಟಿನ ಹಾಗೆ ಸಾಲು ಸಾಲು ಏರಿಳಿತ. ಗಾಡಿಯೊಳಗಿನ ಪ್ರತಿ ಡಬ್ಬವೂ ನಡುಗುತ್ತದೆ. ವೇಗವಾಗಿ ಹೋದರೆ ಕುಲುಕು ಕಡಿಮೆ ಅನಿಸುತ್ತದೆ, ನಿಜ. ಆದರೆ ಆ ವೇಗದಲ್ಲಿ ತಿರುವು ಬಂದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಮೆಲ್ಲಗೆ ಹೋಗಿ. ಎರಡೂವರೆ ಮೂರು ಗಂಟೆ ಹಿಡಿಯಲಿ ಬಿಡಿ.

ಬುಗ್ಗೆಗಳಿಗೆ ತಿರುಗುವ ಕಡೆ ದೊಡ್ಡ ಸರ್ಕಾರಿ ಫಲಕ ನಿರೀಕ್ಷಿಸಬೇಡಿ. ಬಾವಲಿಯ ಆಕಾರ ಇಟ್ಟ ಒಂದು ಕಂಬ ಅಲ್ಲಿನ ಗುರುತು. ಅಲ್ಲಿಂದ ಪೂರ್ವಕ್ಕೆ ಸುಮಾರು 7 ಮೈಲಿ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ, ಕಾಗದದ ಮ್ಯಾಪೂ ಇರಲಿ. ಫೋನಿನ ಮ್ಯಾಪು ರೇಸ್‌ಟ್ರ್ಯಾಕ್ ಎಂಬ ಒಣ ಕೆರೆಯ ಕಡೆಯಿಂದ ಲಿಪಿನ್‌ಕಾಟ್ ರೋಡ್ ಎಂಬ ಹತ್ತಿರದ ದಾರಿ ತೋರಿಸಬಹುದು. ಅದು ಕಡಿದಾದ, ಒಂದೇ ಗಾಡಿ ಹಿಡಿಯುವ ದಾರಿ. ಪಳಗಿದವರಿಗೆ ಮಾತ್ರ. ದಕ್ಷಿಣದಿಂದ 190ನೇ ಹೆದ್ದಾರಿ ಕಡೆಯ ಸೌತ್ ಪಾಸ್ ದಾರಿ ಇನ್ನೂ ಒರಟು. ಮೊದಲ ಸಲ ಉತ್ತರದಿಂದಲೇ ಬನ್ನಿ.

ಏನು ಕಟ್ಟಿಕೊಳ್ಳಬೇಕು

ನೀರು: ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯಲಿಕ್ಕೆ. ಅಡುಗೆ, ಪಾತ್ರೆಗೆ ಬೇರೆ. ಇದರ ಮೇಲೆ ಗಾಡಿ ಕೆಟ್ಟರೆ ಎಂದು ಎರಡು ದಿನದ ನೀರು ಹೆಚ್ಚಿಗೆ. ನಾಲ್ಕು ಜನ ಎರಡು ರಾತ್ರಿಗೆ ಹೋದರೆ ಕುಡಿಯಲಿಕ್ಕೇ 80 ಲೀಟರ್ ಇಲ್ಲದೆ ನಾನು ಹೊರಡುವುದಿಲ್ಲ. ಬುಗ್ಗೆಯ ನೀರನ್ನು ಕುಡಿಯುವ ಲೆಕ್ಕಕ್ಕೆ ಹಿಡಿಯಬೇಡಿ. ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ತುಂಬಬೇಡಿ. ಆ ಕುಲುಕಿಗೆ ಕ್ಯಾನು ಒಡೆದರೆ ಅಲ್ಲಿಗೆ ಮುಗಿಯಿತು.

ಟೆಂಟ್: ಇಲ್ಲಿ ಮಳೆಗಿಂತ ಗಾಳಿಯ ಕಾಟ ಜಾಸ್ತಿ. ರಾತ್ರಿ ಇದ್ದಕ್ಕಿದ್ದ ಹಾಗೆ ಬೆಟ್ಟದ ಕಡೆಯಿಂದ ಬೀಸುತ್ತದೆ. ನೆಲ ಗಟ್ಟಿ ಜಲ್ಲಿ, ಟೆಂಟಿನ ಜೊತೆ ಕೊಡುವ ತೆಳ್ಳಗಿನ ಗೂಟ ಬಾಗಿಹೋಗುತ್ತದೆ. ದಪ್ಪ ಕಬ್ಬಿಣದ ಗೂಟ, ಸುತ್ತಿಗೆ ಒಯ್ಯಿರಿ. ಗೂಟ ಇಳಿಯದ ಕಡೆ ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಿ. ಟೆಂಟ್ ಖಾಲಿ ಬಿಟ್ಟು ಕೊಳಕ್ಕೆ ಹೋಗುವಾಗ ಒಳಗೆ ಭಾರ ಇಟ್ಟು ಹೋಗಿ. ಬಯಲಿನಲ್ಲಿ ಉರುಳಿಕೊಂಡು ಹೋದ ಟೆಂಟುಗಳನ್ನು ನೋಡಿದ್ದೇನೆ.

ಚಳಿ: ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ನೀರು ಹೆಪ್ಪುಗಟ್ಟುವ ಹತ್ತಿರ ಹೋಗುತ್ತದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್, ಕೆಳಗೆ ದಪ್ಪ ಚಾಪೆ. ಚಳಿ ಗಾಳಿಗಿಂತ ನೆಲದಿಂದ ಜಾಸ್ತಿ ಏರುತ್ತದೆ.

ಊಟ: ಚಪಾತಿ ಈ ಒಣಹವೆಗೆ ಅರ್ಧ ದಿನದಲ್ಲಿ ಹಪ್ಪಳ ಆಗುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿಡಿ. ನಮಗೆ ಹೊಂದಿದ್ದು ಗೊಜ್ಜವಲಕ್ಕಿ, ಹುರಿದ ರವೆ ಮತ್ತು ಒಗ್ಗರಣೆ ಬೆರೆಸಿ ಮನೆಯಲ್ಲೇ ಮಾಡಿಟ್ಟುಕೊಂಡ ಉಪ್ಪಿಟ್ಟಿನ ಪುಡಿ, ಪುಳಿಯೋಗರೆ ಗೊಜ್ಜು, ಶೇಂಗಾ ಚಟ್ನಿಪುಡಿ, ಕಿತ್ತಳೆ. ಉಪ್ಪಿಟ್ಟಿನ ಪುಡಿಗೆ ಒಂದು ಪಾತ್ರೆ ನೀರು, ಹತ್ತು ನಿಮಿಷ ಸಾಕು. ತೊಳೆಯುವ ಪಾತ್ರೆ ಕಡಿಮೆ ಆದಷ್ಟೂ ನೀರು ಉಳಿಯುತ್ತದೆ. ಗ್ಯಾಸ್ ಒಲೆಯಲ್ಲೇ ಅಡುಗೆ ಮಾಡಿ. ಅಲ್ಲಿ ಬಿದ್ದ ಕಟ್ಟಿಗೆ ಆಯುವುದಕ್ಕೆ ಪಾರ್ಕಿನ ಅನುಮತಿ ಇಲ್ಲ.

ಸಂಪರ್ಕ: ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನ ಒಂದಿರಲಿ. ಐಫೋನ್ 14 ಮತ್ತು ನಂತರದವುಗಳಲ್ಲಿ ಸ್ಯಾಟಲೈಟ್ ತುರ್ತು ಸಂದೇಶದ ಸೌಲಭ್ಯ ಇದೆ, ಹೇಗೆ ಬಳಸುವುದು ಎಂದು ಮನೆಯಲ್ಲೇ ಡೆಮೊ ಮಾಡಿ ನೋಡಿ. ಹೊರಡುವ ಮುಂಚೆ ಒಬ್ಬರಿಗೆ ಬರೆದು ಕೊಡಿ: ಯಾವ ದಾರಿ, ಯಾವ ಗಾಡಿ, ಯಾವ ದಿನ ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಪಾರ್ಕಿನ ರೇಂಜರ್‌ಗಳಿಗೆ ತಿಳಿಸಬೇಕು.

ಟೆಂಟ್ ಎಲ್ಲಿ ಹಾಕಬೇಕು

ಬುಕಿಂಗ್ ಇಲ್ಲ, ನಂಬರಿನ ಸೈಟು ಇಲ್ಲ. ಮೊದಲೇ ಜನ ಉಳಿದು ಗಟ್ಟಿಯಾದ ಜಾಗವನ್ನೇ ಆರಿಸಿ, ಹೊಸದಾಗಿ ಗಿಡ ತುಳಿಯಬೇಡಿ. ಮರುಭೂಮಿಯಲ್ಲಿ ಒಂದು ಪೊದೆ ಬೆಳೆಯಲು ಎಷ್ಟೋ ವರ್ಷ ಹಿಡಿಯುತ್ತದೆ. ಒಣಗಿದ ಹಳ್ಳದಲ್ಲಿ ಬೇಡ, ದೂರದ ಬೆಟ್ಟದಲ್ಲಿ ಬಿದ್ದ ಮಳೆ ಇಲ್ಲಿ ನುಗ್ಗುತ್ತದೆ. ಕೊಳದ ಅಂಚಿನಲ್ಲೂ ಬೇಡ. ಮಕ್ಕಳಿರುವವರಿಗೆ ನನ್ನ ಸಲಹೆ ಲೋವರ್ ಸ್ಪ್ರಿಂಗ್ಸ್, ಆದರೆ ಶೌಚಾಲಯದಿಂದ ಐವತ್ತು ಹೆಜ್ಜೆ ದೂರ. ಇಲ್ಲಿರುವುದು ಗುಂಡಿ ಶೌಚಾಲಯ, ಕಾಗದ ನೀವೇ ಒಯ್ಯಬೇಕು.

ಕಾಡುಕತ್ತೆಗಳು ಓಡಾಡುತ್ತವೆ. ಊಟದ ಡಬ್ಬ ಹೊರಗೆ ಬಿಟ್ಟರೆ ಬೆಳಿಗ್ಗೆ ಇರುವುದಿಲ್ಲ. ಎಲ್ಲವನ್ನೂ ಗಾಡಿಯೊಳಗಿಡಿ. ಶೂ ಹಾಕುವ ಮುಂಚೆ ಕೊಡವಿ ನೋಡಿ, ಚೇಳು ಕೂತಿರಬಹುದು.

ಕೊಳಕ್ಕೆ ಇಳಿಯುವ ಮುಂಚೆ

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಇಲ್ಲಿ ಬಹಳ ಜನ ಬಟ್ಟೆ ಇಲ್ಲದೆ ಸ್ನಾನ ಮಾಡುತ್ತಾರೆ. ಎಷ್ಟೋ ವರ್ಷದ ರೂಢಿ ಅದು. ನೀವು ಈಜುಡುಗೆ ಹಾಕಿಕೊಂಡು ಇಳಿಯಬಹುದು, ಯಾರೂ ಏನೂ ಅನ್ನುವುದಿಲ್ಲ. ಅವರನ್ನು ದಿಟ್ಟಿಸುವುದಾಗಲಿ, ಕೊಳದ ಹತ್ತಿರ ಕ್ಯಾಮೆರಾ ಹಿಡಿಯುವುದಾಗಲಿ ಕೂಡದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಇದನ್ನು ಮನೆಯಲ್ಲೇ ಹೇಳಿ. ಅಲ್ಲಿ ಹೋದ ಮೇಲೆ ಗೊತ್ತಾದರೆ ಅವರಿಗೆ ಮುಜುಗರ, ಅಲ್ವಾ.

ಮೊದಲು ಮೈ ತೊಳೆದುಕೊಂಡು ಇಳಿಯಿರಿ. ಸೋಪು, ಶಾಂಪೂ, ಎಣ್ಣೆ ಕೊಳಕ್ಕೆ ತಾಗಬಾರದು. ನಮ್ಮವರಿಗೆ ಬಿಸಿನೀರು ಕಂಡರೆ ಅಭ್ಯಂಜನದ ನೆನಪು ಬರುವುದು ಸಹಜ. ಆದರೆ ಎಣ್ಣೆ ಹಚ್ಚಿದ ತಲೆ, ಸೀಗೆಕಾಯಿ ಇಲ್ಲಿ ಬೇಡ. ಈ ನೀರಿಗೆ ಕ್ಲೋರಿನ್ ಹಾಕುವುದಿಲ್ಲ. ಸ್ವಯಂಸೇವಕರು ಕೊಳ ಖಾಲಿ ಮಾಡಿ, ಉಜ್ಜಿ, ಮತ್ತೆ ತುಂಬಿಸುತ್ತಾರೆ. ಗಾಜಿನ ಲೋಟ, ಬಾಟಲಿ ತರಬೇಡಿ.

ತಲೆ ಮುಳುಗಿಸಬೇಡಿ. ಇದನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಿ. ಬೆಚ್ಚಗಿನ ಸಿಹಿನೀರಿನಲ್ಲಿ ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಇರಬಹುದು. ಕುಡಿದರೆ ಅದು ಈ ರೋಗ ತರುವುದಿಲ್ಲ. ಮೂಗಿನೊಳಗೆ ನೀರು ಹೋದರೆ ಮೆದುಳಿಗೆ ಹೋಗುತ್ತದೆ. ಬಹಳ ಅಪರೂಪದ ರೋಗ, ಆದರೆ ಬಂದವರಲ್ಲಿ ಬದುಕಿದವರು ಬೆರಳೆಣಿಕೆ. ಮೂಗು ನೀರಿನ ಮೇಲಿದ್ದರೆ ಸಾಕು. ನೀರು ಎರಚಾಡುವ ಆಟವೂ ಬೇಡ.

ಹದಿನೈದು ನಿಮಿಷ ಕೂತು ಎದ್ದು ಬನ್ನಿ, ತಣ್ಣೀರು ಕುಡಿಯಿರಿ, ಬೇಕಾದರೆ ಮತ್ತೆ ಇಳಿಯಿರಿ. ಕೊಳದಿಂದ ಕೊಳಕ್ಕೆ ಬಿಸಿ ಬೇರೆ. ಮೊದಲು ಕೈ, ಆಮೇಲೆ ಪಾದ. ಬಸುರಿಯರು, ಹೃದಯದ ತೊಂದರೆ ಅಥವಾ ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಕುಡಿದು ಇಳಿಯಬೇಡಿ.

ಹೋಗಲೇಬೇಕಾದ ಹೊತ್ತು ಬೆಳಗಿನ ಜಾವ. ನಾನು ಐದು ಗಂಟೆಗೆ ಟಾರ್ಚಿನ ಕೆಂಪು ಬೆಳಕಿನಲ್ಲಿ ಪಾಮ್ ಸ್ಪ್ರಿಂಗಿಗೆ ನಡೆದು ಹೋದೆ. ಕಿವಿ ಚಳಿಗೆ ಮರಗಟ್ಟಿತ್ತು. ಅಂಚಿನ ಕಲ್ಲು ಮಂಜಿನಂತೆ ತಣ್ಣಗೆ, ಅದರಿಂದ ಒಂದು ಗೇಣು ಕೆಳಗೆ ನೀರು ಅಜ್ಜಿಮನೆಯ ಬಚ್ಚಲ ಹಂಡೆಯ ಹಾಗೆ. ಕುತ್ತಿಗೆವರೆಗೆ ಇಳಿದು ಕೂತೆ. ಆವಿ ಮುಖದ ಮುಂದೆ ಏಳುತ್ತಿತ್ತು, ಅದರ ಹಿಂದೆ ನಕ್ಷತ್ರ. ಈ ಪಾರ್ಕಿಗೆ 2013ರಲ್ಲಿ ಕಗ್ಗತ್ತಲ ಆಕಾಶದ ಮಾನ್ಯತೆ ಕೊಟ್ಟಿದ್ದಾರೆ. ಯಾಕೆಂದು ಅಲ್ಲಿ ಕೂತಾಗ ತಿಳಿಯುತ್ತದೆ. ಆರೂವರೆಯ ಹೊತ್ತಿಗೆ ಇನ್ಯೋ ಬೆಟ್ಟದ ತುದಿ ಮಾತ್ರ ಕೆಂಪಾಯಿತು. ಆ ಗೆರೆ ಮೆಲ್ಲಗೆ ಕೆಳಗೆ ಇಳಿಯುತ್ತಾ ಬಂತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ದಂಪತಿ ಅಷ್ಟು ಹೊತ್ತೂ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ.

ಹಗಲು ಒಮ್ಮೊಮ್ಮೆ ಸೇನೆಯ ಜೆಟ್‌ಗಳು ತಲೆಯ ಮೇಲೆ ತೀರ ಕೆಳಗೆ ಹಾರಿ ಹೋಗುತ್ತವೆ. ಪಕ್ಕದಲ್ಲಿ ಅವರ ತರಬೇತಿ ವಲಯ ಇದೆ. ಮಕ್ಕಳಿಗೆ ಮೊದಲೇ ಹೇಳಿದ್ದರೆ ಹೆದರುವುದಿಲ್ಲ. ಡ್ರೋನ್ ತರಬೇಡಿ, ಪಾರ್ಕಿನಲ್ಲಿ ನಿಷೇಧ ಇದೆ. ನಾಯಿ ಇದ್ದರೆ ಸರಪಳಿಯಲ್ಲಿರಲಿ.

ಹೊರಡುವ ದಿನ

ಬೆಳಿಗ್ಗೆ ಒಂಬತ್ತರೊಳಗೆ ಹೊರಡಿ. ಟೈರು ಕೈಕೊಟ್ಟರೂ ಬೆಳಕಿರುವಾಗಲೇ ಮುಗಿಸಬಹುದು. ಕಸ ಹಾಕಲು ಅಲ್ಲಿ ತೊಟ್ಟಿ ಇದೆ ಎಂದುಕೊಳ್ಳಬೇಡಿ, ಕಿತ್ತಳೆ ಸಿಪ್ಪೆಯೂ ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು. ಮರುಭೂಮಿಯಲ್ಲಿ ಅದು ಕೊಳೆಯುವುದಿಲ್ಲ, ಒಣಗಿ ಹಾಗೇ ಬಿದ್ದಿರುತ್ತದೆ. ಟೆಂಟ್ ತೆಗೆದ ಮೇಲೆ ಬಾಗಿ ಒಂದು ಸುತ್ತು ನೋಡಿ. ಗೂಟ, ಹಗ್ಗದ ತುಂಡು, ಮಕ್ಕಳ ಬಿಸ್ಕತ್ತಿನ ಕಾಗದ ಸಿಕ್ಕೇ ಸಿಗುತ್ತದೆ. ಹಿಂದಿನ ದಿನ ಕೊಳ ತೊಳೆಯುವುದು ಕಂಡರೆ ಒಂದು ಬ್ರಷ್ ಕೇಳಿ ಪಡೆದು ಕೈಜೋಡಿಸಿ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲಿ ರಸ್ತೆಯ ಯಾವ ತಿರುವಿನಲ್ಲಿ ಕಲ್ಲು ಬಿದ್ದಿದೆ, ಘಾಟಿಯಲ್ಲಿ ಹಿಮ ಎಷ್ಟಿದೆ ಎನ್ನುವುದೂ ತಿಳಿಯುತ್ತದೆ. ಅಲ್ಲಿ ವಾರಗಟ್ಟಲೆ ಇರುವವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿರುವುದಿಲ್ಲ.

ನಟ್ಟುಗಳನ್ನು ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಆ ಕುಲುಕಿಗೆ ಸಡಿಲವಾಗಿರುತ್ತವೆ. ಘಾಟಿ ಹತ್ತಿ ಡಾಂಬರು ಸಿಕ್ಕ ಕೂಡಲೇ ನಿಲ್ಲಿಸಿ ಟೈರಿಗೆ ಮೊದಲಿನಷ್ಟು ಗಾಳಿ ತುಂಬಿಸಿ. ಕಡಿಮೆ ಗಾಳಿಯಲ್ಲಿ ಹೆದ್ದಾರಿಯ ವೇಗಕ್ಕೆ ಹೋದರೆ ಟೈರು ಕಾದು ಸಿಡಿಯಬಹುದು. ಬಿಗ್ ಪೈನ್ ಹತ್ತಿರ ಬಂದಾಗ ಫೋನಿನಲ್ಲಿ ಎರಡು ದಿನದ ಮೆಸೇಜು ಒಟ್ಟಿಗೆ ಬಂದು ಬೀಳುತ್ತವೆ. ಅವನ್ನು ಓದುವ ಮುಂಚೆ, ನೀವು ಬರೆದು ಕೊಟ್ಟು ಹೋಗಿದ್ದಿರಲ್ಲ, ಅವರಿಗೆ ಫೋನ್ ಮಾಡಿ ಬಂದೆವು ಎಂದು ಹೇಳಿ.